ಕಾರಿನ ಬಾಲಕ್ಕೆ ಏನು ಕೆಲಸ?

ಈ ವಾರ ಬಂದ ಪತ್ರಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು. ಅಜ್ಜಂಪುರ ತಾಲ್ಲೂಕಿನ ಅಂತರಘಟ್ಟೆಯಿಂದ ಬಂದದ್ದು. ಒಂದೇ ಹಾಳೆ. ಮೇಲಿನ ಅರ್ಧದಲ್ಲಿ ಏಳನೇ ತರಗತಿಯ ಹುಡುಗನ ದುಂಡು ಅಕ್ಷರ, ಕೆಳಗಿನ ಅರ್ಧದಲ್ಲಿ ಅವನ ಅಜ್ಜನ ಕೈಬರಹ. ಜಾತ್ರೆಯ ಸಮಯದಲ್ಲಿ ಊರಿಗೆ ಬಂದಿದ್ದ ಸಣ್ಣ ಕಾರೊಂದರ ಹಿಂಬದಿಯ ಮೇಲೆ ಎದ್ದು ನಿಂತ ಒಂದು ಹಲಗೆ ಇತ್ತಂತೆ. "ಅದಿದ್ದರೆ ಕಾರು ಜೋರಾಗಿ ಓಡುತ್ತದೆ" ಎಂದು ಮೊಮ್ಮಗನ ವಾದ. "ಅದು ಬರೀ ಶೋಕಿ, ಎತ್ತಿನ ಕೊಂಬಿಗೆ ಕಟ್ಟುವ ಗೊಂಡೆಯ ಹಾಗೆ" ಎಂದು ಅಜ್ಜನ ವಾದ. ತೀರ್ಪು ನೀವೇ ಕೊಡಿ ಎಂದು ಇಬ್ಬರೂ ಕೇಳಿದ್ದಾರೆ.

ತೀರ್ಪು ಕೊಡುವುದು ಸುಲಭ. ಆದರೆ ಆ ಹಲಗೆ ಕಾರಿನ ಬೆನ್ನೇರಿದ ಕಥೆ ತೀರ್ಪಿಗಿಂತ ದೊಡ್ಡದು. ಅದನ್ನು ಮೊದಲು ಹೇಳಿಬಿಡುತ್ತೇನೆ. ಮಕ್ಕಳು ಓದಿ ಅಜ್ಜ ಅಜ್ಜಿಗೆ ಹೇಳಿದರೂ ಸರಿ, ಅವರೇ ಓದಿ ಮಕ್ಕಳಿಗೆ ಹೇಳಿದರೂ ಸರಿ.

ಗಾಳಿ ಕಾರನ್ನು ಎತ್ತುತ್ತದೆ

ಕಣದಲ್ಲಿ ಮೊರ ಹಿಡಿದು ತೂರಿದವರಿಗೆ ಗಾಳಿಯ ಬಲವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೊರವನ್ನು ಸ್ವಲ್ಪ ಓರೆಯಾಗಿ ಹಿಡಿದರೆ ಸಾಕು, ಗಾಳಿ ಅದನ್ನು ಕೈಯಿಂದ ಕಿತ್ತುಕೊಳ್ಳಲು ನೋಡುತ್ತದೆ. ಅಲ್ಲಿ ನಾವು ನಿಂತಿರುತ್ತೇವೆ, ಗಾಳಿ ಓಡುತ್ತಿರುತ್ತದೆ. ಕಾರಿನ ವಿಷಯದಲ್ಲಿ ಇದು ತಿರುಗುಮುರುಗು: ಗಾಳಿ ನಿಂತಿರುತ್ತದೆ, ಕಾರು ಅದನ್ನು ಸೀಳಿಕೊಂಡು ಓಡುತ್ತದೆ. ಬಲ ಮಾತ್ರ ಒಂದೇ.

ಈಗ ಕಾರನ್ನು ಪಕ್ಕದಿಂದ ನೋಡಿ. ಮೂತಿ ತಗ್ಗು, ನಡುವೆ ಎತ್ತರ, ಹಿಂದೆ ಮತ್ತೆ ಇಳಿಜಾರು. ವಿಮಾನದ ರೆಕ್ಕೆಯನ್ನು ಅಡ್ಡಲಾಗಿ ಕತ್ತರಿಸಿದರೆ ಕಾಣುವ ಆಕಾರವೂ ಹೆಚ್ಚು ಕಡಿಮೆ ಹೀಗೆಯೇ. ಬಾಗಿದ ಬೆನ್ನನ್ನು ಅಂಟಿಕೊಂಡು ಗಾಳಿ ಹರಿಯುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಒತ್ತಡ ಇಳಿದ ಕಡೆಗೆ ಕಾರು ಸೆಳೆಯಲ್ಪಡುತ್ತದೆ, ಅಂದರೆ ಮೇಲಕ್ಕೆ. ನೋಟ್‌ಬುಕ್‌ನಿಂದ ಎರಡು ಬೆರಳು ಅಗಲದ ಕಾಗದದ ಪಟ್ಟಿ ಕತ್ತರಿಸಿ, ಒಂದು ತುದಿಯನ್ನು ಕೆಳತುಟಿಯ ಬಳಿ ಹಿಡಿದು, ಅದರ ಮೇಲ್ಭಾಗಕ್ಕೆ ಜೋರಾಗಿ ಊದಿ. ಜೋತುಬಿದ್ದ ಪಟ್ಟಿ ಮೇಲೇಳುತ್ತದೆ. ನೀವು ಊದಿದ್ದು ಮೇಲೆ, ಅದು ಎದ್ದದ್ದೂ ಮೇಲಕ್ಕೇ!

ಎತ್ತಿನ ಗಾಡಿಯ ವೇಗದಲ್ಲಿ ಈ ಬಲ ಲೆಕ್ಕಕ್ಕೇ ಬಾರದು. ಆದರೆ ಇದಕ್ಕೊಂದು ಸ್ವಭಾವವಿದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದು ಒಂದು ಪಾಲು ಎಂದುಕೊಳ್ಳಿ. 80ರಲ್ಲಿ ನಾಲ್ಕು ಪಾಲು, 160ರಲ್ಲಿ ಹದಿನಾರು ಪಾಲು, 240ರಲ್ಲಿ ಮೂವತ್ತಾರು ಪಾಲು! ಪಂದ್ಯದ ಕಾರುಗಳು ಓಡುವುದು ಆ ಕೊನೆಯ ವೇಗಗಳಲ್ಲಿ.

ಹಿಂಬದಿ ಹಗುರವಾದರೆ ಏನು ಕೇಡು? ಗಾಡಿ ಹೊಡೆದ ಅಜ್ಜಂದಿರನ್ನು ಕೇಳಿ. ಗಾಡಿಯ ಹಿಂದಕ್ಕೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಮುಂದಕ್ಕೆ ಹೆಚ್ಚಾದರೆ ಎತ್ತಿನ ಕೊರಳ ಮೇಲೆ ಕೂರುತ್ತದೆ. ಭಾರ ಎಲ್ಲಿ ಕೂರಬೇಕೋ ಅಲ್ಲೇ ಕೂರಬೇಕು. ಕಾರಿನಲ್ಲಿ ಟಯರು ನೆಲವನ್ನು ಹಿಡಿಯುವುದು ತನ್ನ ಮೇಲಿನ ಭಾರದಿಂದ. ಗಾಳಿ ಆ ಭಾರವನ್ನು ಕದ್ದರೆ ಹಿಡಿತ ಸಡಿಲವಾಗುತ್ತದೆ. ತಿರುವಿನಲ್ಲಿ ಹಿಂಬದಿ ಜಾರಿ, ಬಾಲ ಮುಂದೆ ಬಂದು, ಕಾರು ಗಿರಗಿರ ತಿರುಗುತ್ತದೆ.

ಇದನ್ನು ತಡೆಯಲು ಎರಡು ಉಪಾಯಗಳಿವೆ. ಹಿಂಬದಿಯ ಅಂಚಿನಲ್ಲಿ ಒಂದು ತಡೆಯನ್ನು ಎಬ್ಬಿಸಿ, ನಯವಾಗಿ ಜಾರಿ ಹೋಗುತ್ತಿದ್ದ ಗಾಳಿಯನ್ನು 'ಕೆಡಿಸುವುದು' ಮೊದಲನೆಯದು. ಅದಕ್ಕೇ ಅದರ ಹೆಸರು ಸ್ಪಾಯ್ಲರ್, ಕೆಡಿಸುವಂಥದು! ತಡೆಯ ಮುಂದೆ ಗಾಳಿ ನಿಧಾನವಾಗಿ ಒತ್ತಡ ಏರುತ್ತದೆ, ಎತ್ತುವ ಬಲ ತಗ್ಗುತ್ತದೆ. ಎರಡನೆಯದು, ವಿಮಾನದ ರೆಕ್ಕೆಯನ್ನೇ ತಲೆಕೆಳಗು ಮಾಡಿ ಕಂಬಗಳ ಮೇಲೆ ನಿಲ್ಲಿಸುವುದು. ವಿಮಾನವನ್ನು ಮೇಲೆತ್ತುವ ರೆಕ್ಕೆ ಇಲ್ಲಿ ಕಾರನ್ನು ನೆಲಕ್ಕೆ ಒತ್ತುತ್ತದೆ.

ಓಟಕ್ಕೊಂದು, ಊರಿಗೊಂದು ಬೇಡ

ಇನ್ನು ಮುಖ್ಯವಾದ ಪ್ರಶ್ನೆ. ಪಂದ್ಯಕ್ಕೆ ಬೇಕಾದ ಈ ರೆಕ್ಕೆ ಅಂಗಡಿಯಲ್ಲಿ ಮಾರುವ ಕಾರಿಗೆ ಹೇಗೆ ಬಂತು? ಬಂದದ್ದು ಒಂದು ನಿಯಮದಿಂದ.

ಅಂತರಘಟ್ಟೆಯ ದುರ್ಗಾಂಬಾ ದೇವಿಯ ಜಾತ್ರೆಗೆ ಸುತ್ತಲಿನ ಊರುಗಳಿಂದ ಸಿಂಗರಿಸಿದ ಎತ್ತಿನ ಗಾಡಿಗಳು ಬರುತ್ತವೆ. ಅದೇ ಸೀಮೆಯ ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿಯ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ 'ಬೆಣ್ಣೆ ಚಾವಡಿ'ಯಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ 'ಅಮೃತ ಮಹಲ್' ಎಂಬ ಹೆಸರು ಪಡೆದ ತಳಿ ಅದು. ದಂಡಿನ ಸಾಮಾನು ಹೊತ್ತ ಗಾಡಿಗಳನ್ನು ಎಳೆದದ್ದೂ ಅದೇ, ರೈತನ ಗಾಡಿ ಎಳೆದದ್ದೂ ಅದೇ. ದಂಡಿಗೂ ಹೊಲಕ್ಕೂ ಈ ಒಂದೇ ತಳಿ ದುಡಿಯಿತು.

ಕಾರ್ ಪಂದ್ಯಗಳ ಹಿರಿಯರೂ ಇಂಥದ್ದನ್ನೇ ಬಯಸಿದರು. ಹಣವಿರುವ ಕಂಪನಿ ಯಾರಿಗೂ ಸಿಗದ ಒಂದೇ ಒಂದು ಯಂತ್ರ ಮಾಡಿ ತಂದು ಗೆದ್ದರೆ ಅದು ಎಂಥ ಪಂದ್ಯ? ಆದ್ದರಿಂದ ಅವರು ಹೇಳಿದ್ದು ಇಷ್ಟು: ಓಡಿಸುವ ಕಾರಿನಂಥವೇ ಇನ್ನಿಷ್ಟು ಕಾರುಗಳನ್ನು ತಯಾರಿಸಿ ತೋರಿಸಿ. ಆಮೇಲೆ ಅನುಮತಿ. ಈ ಅನುಮತಿಗೆ ಹೋಮೊಲೊಗೇಶನ್ ಎಂದು ಹೆಸರು. 'ಒಪ್ಪುವುದು' ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದದ್ದು. ಎಷ್ಟು ಕಾರು ಎಂಬುದು ಪಂದ್ಯದ ವರ್ಗವನ್ನು ನೋಡಿಕೊಂಡು ಬದಲಾಗುತ್ತಿತ್ತು. ಒಂದು ಕಡೆ 25, ಇನ್ನೊಂದು ಕಡೆ 200, ಮತ್ತೊಂದು ಕಡೆ 500.

ಪಂದ್ಯಕ್ಕೆ ರೆಕ್ಕೆ ಬೇಕೆಂದರೆ ಮಾರಾಟದ ಕಾರಿನಲ್ಲೂ ರೆಕ್ಕೆ ಇರಲೇಬೇಕು. ಹೀಗೆ, ಪಂದ್ಯ ಗೆಲ್ಲುವ ಆಸೆಗಾಗಿ ಕೆಲವೇ ನೂರು ಸಂಖ್ಯೆಯಲ್ಲಿ ಹುಟ್ಟಿದ ವಿಚಿತ್ರ ಕಾರುಗಳು ಬೀದಿಗೆ ಬಂದವು.

ಸೊಳ್ಳೆಗಳು ಹೇಳಿಕೊಟ್ಟ ಪಾಠ

ಮೊದಲು 25ರ ಕಥೆ. 1969ರಲ್ಲಿ ಜರ್ಮನಿಯ ಪೋರ್ಷೆ ಕಂಪನಿ 917 ಎಂಬ ಕಾರು ಮಾಡಿತು. ಐದು ಲೀಟರ್‌ವರೆಗಿನ ಎಂಜಿನ್ ಇರುವ ಸ್ಪೋರ್ಟ್ಸ್ ಕಾರುಗಳಿಗೆ ಆಗ ಇದ್ದ ನಿಯಮ: ಕನಿಷ್ಠ 25 ಕಾರು. ಪರಿಶೀಲಕರು ಮಾರ್ಚ್‌ನಲ್ಲಿ ಬಂದಾಗ ಪೂರ್ತಿಯಾಗಿದ್ದವು ಮೂರೇ. ಮಿಕ್ಕವು ಅರ್ಧಂಬರ್ಧ ಜೋಡಣೆ, ಇಲ್ಲವೇ ಬಿಡಿಭಾಗಗಳ ರಾಶಿ. ಅನುಮತಿ ಸಿಗಲಿಲ್ಲ.

ಮುಂದಿನ ಕೆಲವು ವಾರ ಕಾರ್ಖಾನೆಯಲ್ಲಿ ಮದುವೆ ಮನೆಯ ಗಡಿಬಿಡಿ. ಕಚೇರಿಯ ಸಿಬ್ಬಂದಿಯೂ ಕಾರು ಜೋಡಿಸಲು ಕೈಹಾಕಿದರು. ಏಪ್ರಿಲ್ 21ರಂದು ಪರಿಶೀಲಕರು ಮತ್ತೆ ಬಂದಾಗ ಅಂಗಳದಲ್ಲಿ 25 ಕಾರುಗಳು ಸಾಲಾಗಿ ನಿಂತಿದ್ದವು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಯಾವುದನ್ನಾದರೂ ಓಡಿಸಿ ನೋಡಿ ಎಂದರು ಕಂಪನಿಯ ಫರ್ಡಿನಾಂಡ್ ಪೀಯೆಹ್. ಅವರಿಗೆ ಆಗಷ್ಟೇ 32 ತುಂಬಿತ್ತು. ಪರಿಶೀಲಕರು ಬೇಡವೆಂದು ಒಪ್ಪಿಗೆ ಕೊಟ್ಟರು.

ಎಣಿಕೆ ಸರಿಯಾಯಿತು, ಕಾರು ಸರಿಯಾಗಿರಲಿಲ್ಲ. ವೇಗ ಏರಿದಂತೆ ಅದರ ಹಿಂಬದಿ ನೆಲ ಬಿಡುತ್ತಿತ್ತು. ನೇರ ರಸ್ತೆಯಲ್ಲೂ ಅತ್ತಿತ್ತ ಓಲಾಡುತ್ತಿತ್ತು. ನುರಿತ ಚಾಲಕರೂ ಅದರಲ್ಲಿ ಕೂರಲು ಹಿಂಜರಿದರು. ಆ ವರ್ಷದ ಜೂನ್‌ನಲ್ಲಿ ಫ್ರಾನ್ಸಿನ ಲೆ ಮಾನ್ ಎಂಬಲ್ಲಿ 24 ಗಂಟೆಗಳ ಪಂದ್ಯ. ಜಾನ್ ವುಲ್ಫ್ ಎಂಬ ಬ್ರಿಟಿಷ್ ಹವ್ಯಾಸಿ ಚಾಲಕರು ತಮ್ಮ ಸ್ವಂತ 917ರೊಂದಿಗೆ ಬಂದಿದ್ದರು. ಮೊದಲ ಸುತ್ತಿನಲ್ಲೇ ಅಪಘಾತವಾಗಿ ತೀರಿಕೊಂಡರು. 25 ಎಂಬ ಎಣಿಕೆಯ ಹಿಂದೆ, ಕಾರು ಕೊಂಡು ಓಡಿಸುವ ಒಬ್ಬ ಮನುಷ್ಯನಿರುತ್ತಾನೆ ಎಂಬುದನ್ನು ಆ ದಿನ ಎಲ್ಲರೂ ನೋಡಿದರು.

ಕಾರಿನ ರೋಗಕ್ಕೆ ಮದ್ದು ಸಿಕ್ಕಿದ್ದು ಅಕ್ಟೋಬರ್‌ನಲ್ಲಿ, ಆಸ್ಟ್ರಿಯಾದ ಸೆಲ್ಟ್‌ವೆಗ್‌ನ ಪರೀಕ್ಷಾ ಓಟದಲ್ಲಿ. ಅಲ್ಲಿದ್ದ ಇಂಗ್ಲಿಷ್ ಎಂಜಿನಿಯರ್ ಜಾನ್ ಹಾರ್ಸ್‌ಮನ್ ಒಂದು ಸಣ್ಣ ಸಂಗತಿ ಗಮನಿಸಿದರು. ಓಡಿ ಬಂದ ಕಾರಿನ ಮೂತಿ, ಗಾಜು ಎಲ್ಲದರ ಮೇಲೂ ಸತ್ತ ಸೊಳ್ಳೆಯಂಥ ಹುಳುಗಳು ಅಂಟಿದ್ದವು. ಆದರೆ ಹಿಂಬದಿಯ ಸ್ಪಾಯ್ಲರ್ ಮೇಲೆ ಒಂದೂ ಇರಲಿಲ್ಲ! ಹುಳು ಬಂದು ಬೀಳುವುದು ಗಾಳಿಯ ಜೊತೆ. ಹುಳು ಇಲ್ಲವೆಂದರೆ ಗಾಳಿಯೂ ಅಲ್ಲಿಗೆ ತಲುಪುತ್ತಿಲ್ಲ. ಸ್ಪಾಯ್ಲರ್ ಇದ್ದೂ ಇಲ್ಲದಂತೆ ಕುಳಿತಿದೆ.

ಅಲ್ಲೇ ಅಲ್ಯೂಮಿನಿಯಂ ತಗಡು ತಂದು ಕತ್ತರಿಸಿ, ಹಿಂಬದಿಯನ್ನು ಗಿಡ್ಡ ಮಾಡಿ, ಗಾಳಿಗೆ ಸಿಗುವಷ್ಟು ಮೇಲೆತ್ತಿ ಕಟ್ಟಿದರು. ಓಲಾಡುತ್ತಿದ್ದ ಕಾರು ಸಾಧುವಾಯಿತು. ಮರುವರ್ಷ, 1970ರಲ್ಲಿ, ಹಾನ್ಸ್ ಹೆರ್ಮನ್ ಮತ್ತು ರಿಚರ್ಡ್ ಆಟ್‌ವುಡ್ ಓಡಿಸಿದ 917 ಅದೇ ಲೆ ಮಾನ್‌ನಲ್ಲಿ ಗೆದ್ದಿತು. ಪೋರ್ಷೆಗೆ ಅಲ್ಲಿ ಅದು ಮೊದಲ ಒಟ್ಟಾರೆ ಗೆಲುವು. ಮಕ್ಕಳೇ, ವಿಜ್ಞಾನ ಎಂದರೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಎಲ್ಲರೂ ಒರೆಸಿ ಹಾಕುವ ಹುಳುವನ್ನು ಒಬ್ಬರು ನಿಂತು ನೋಡಿದರೂ ಸಾಕು.

ಬಾತುಕೋಳಿಯ ಬಾಲ

917 ಪಂದ್ಯಕ್ಕೇ ಹುಟ್ಟಿದ ಕಾರು. ರಸ್ತೆಯಲ್ಲಿ ಓಡುವ ಕಾರಿಗೆ ಬಾಲ ಬಂದ ಕಥೆಗೆ ಎರಡು ವರ್ಷ ಮುಂದೆ ಹೋಗಬೇಕು.

ಪೋರ್ಷೆ 911 ಕಾರನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ಬೆನ್ನು ಕಪ್ಪೆಯ ಹಾಗೆ ಇಳಿಜಾರು, ಎಂಜಿನ್ ಹಿಂದೆ. ವೇಗದಲ್ಲಿ ಅದರ ಹಿಂಬದಿಯೂ ಹಗುರವಾಗುತ್ತಿತ್ತು. 1972ರಲ್ಲಿ ಟಿಲ್‌ಮನ್ ಬ್ರೋಡ್‌ಬೆಕ್, ಹೆರ್ಮನ್ ಬರ್ಸ್ಟ್ ಮತ್ತು ಜೊತೆಗಾರರು ಎಂಜಿನ್ ಮುಚ್ಚಳದ ಮೇಲೆ ಒಂದು ಅಂಚನ್ನು ಎಬ್ಬಿಸಿ ಪರೀಕ್ಷಿಸಿದರು. ಹಿಂಬದಿಯ ಮೇಲೆತ್ತುವ ಬಲ ಗಣನೀಯವಾಗಿ ಇಳಿಯಿತು. ಕಾರಿನ ಗರಿಷ್ಠ ವೇಗ ಕಡಿಮೆಯಾಗಬಹುದೆಂದರೆ, ಅದು ತುಸು ಏರಿಯೇ ಬಿಟ್ಟಿತು! ಎದ್ದ ಆ ಅಂಚನ್ನು ಜನ 'ಬಾತುಕೋಳಿ ಬಾಲ' ಎಂದು ಕರೆದರು. ಇಂದಿಗೂ ಅದೇ ಹೆಸರು.

ಈ ಕಾರು ತನ್ನ ವರ್ಗದಲ್ಲಿ ಓಡಬೇಕಾದರೆ 500 ಕಾರು ತಯಾರಾಗಬೇಕಿತ್ತು. ಇಂಥ ಬಾಲದ ಕಾರನ್ನು 500 ಜನ ಕೊಳ್ಳುತ್ತಾರೆಯೇ ಎಂದು ಮಾರಾಟ ವಿಭಾಗದವರಿಗೇ ಅನುಮಾನ. 1972ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಕಾರನ್ನು ನಿಲ್ಲಿಸಿದರು. 500 ಬೇಗನೆ ಖಾಲಿಯಾಗಿ, ಬೇಡಿಕೆ ನಿಲ್ಲದೆ, ಕೊನೆಗೆ ತಯಾರಾದದ್ದು 1,580. ಅದೇ 911 ಕರೇರಾ ಆರ್‌ಎಸ್ 2.7. ಅದರ ಪಂದ್ಯದ ರೂಪ 1973ರಲ್ಲಿ ಸಿಸಿಲಿ ದ್ವೀಪದ ಟಾರ್ಗಾ ಫ್ಲೋರಿಯೋ ಪಂದ್ಯ ಗೆದ್ದಿತು.

ಅದೇ ವರ್ಷ ಬಿಎಂಡಬ್ಲ್ಯು ಕಂಪನಿ 3.0 ಸಿಎಸ್‌ಎಲ್ ಕಾರಿಗೆ ದೊಡ್ಡ ರೆಕ್ಕೆ ಕೊಟ್ಟಿತು. ಇಲ್ಲೊಂದು ತಮಾಷೆ ಇದೆ. ಪಂದ್ಯದ ನಿಯಮಕ್ಕೆ ರೆಕ್ಕೆ ಮಾರಾಟದ ಕಾರಿನ ಜೊತೆ ಬರಲೇಬೇಕು. ಆದರೆ ಜರ್ಮನಿಯ ರಸ್ತೆ ನಿಯಮ ಅಂಥ ರೆಕ್ಕೆಯನ್ನು ಒಪ್ಪುತ್ತಿರಲಿಲ್ಲ. ಕಂಪನಿ ಏನು ಮಾಡಿತು ಗೊತ್ತೇ? ರೆಕ್ಕೆಯನ್ನು ಬಿಚ್ಚಿ ಡಿಕ್ಕಿಯೊಳಗೆ ಇಟ್ಟು ಕಾರು ಮಾರಿತು! ಕೊಂಡವರು ಬೇಕಾದರೆ ಮನೆಯಲ್ಲಿ ಜೋಡಿಸಿಕೊಳ್ಳಲಿ ಎಂದು. ಎರಡು ನಿಯಮಗಳ ನಡುವೆ ಸಿಕ್ಕಿದ ರೆಕ್ಕೆ ಸಾಮಾನಿನಂತೆ ಡಿಕ್ಕಿಯಲ್ಲಿ ಪ್ರಯಾಣ ಮಾಡಿತು.

ರೆಕ್ಕೆ ಯಾರಿಗೂ ಬೇಡವಾದಾಗ

ಅಮೆರಿಕದ ಕಥೆ ಇನ್ನೊಂದು ಬಗೆ. ಅಲ್ಲಿನ ನಾಸ್ಕಾರ್ ಪಂದ್ಯಗಳು ನಡೆಯುವುದು ದೊಡ್ಡ ಮೊಟ್ಟೆಯಾಕಾರದ ಟ್ರ್ಯಾಕುಗಳಲ್ಲಿ. 1969ರಲ್ಲಿ ಡಾಜ್ ಕಂಪನಿ ಚಾರ್ಜರ್ ಡೇಟೋನಾ ಎಂಬ ಕಾರು ತಂದಿತು. ಮುಂದೆ ಚೂಪು ಮೂತಿ, ಹಿಂದೆ ಸುಮಾರು 58 ಸೆಂ.ಮೀ. ಎತ್ತರಕ್ಕೆ ನಿಂತ ರೆಕ್ಕೆ. ಚಾವಣಿಯ ಹಿಂದಿನ ಗಲಿಬಿಲಿ ಗಾಳಿ ತಟ್ಟದಷ್ಟು ಎತ್ತರ ಅದು. ನಿಯಮಕ್ಕೆ 500 ಬೇಕಿತ್ತು, 503 ತಯಾರಾದವು. 1970ರ ಮಾರ್ಚ್ 24ರಂದು ಟ್ಯಾಲಡೇಗಾದಲ್ಲಿ ಬಡ್ಡಿ ಬೇಕರ್ ಈ ಕಾರಿನಲ್ಲಿ ಗಂಟೆಗೆ 200 ಮೈಲಿಯ ಗಡಿ ದಾಟಿದರು. ನಮ್ಮ ಲೆಕ್ಕದಲ್ಲಿ ಸುಮಾರು 322 ಕಿ.ಮೀ. ಮುಚ್ಚಿದ ಟ್ರ್ಯಾಕಿನಲ್ಲಿ ನಾಸ್ಕಾರ್ ಕಾರೊಂದು ಆ ವೇಗ ಕಂಡದ್ದು ಅದೇ ಮೊದಲು.

ಆ ಹೊತ್ತಿಗೆ ನಿಯಮ ಬಿಗಿಯಾಗಿತ್ತು. ಇನ್ನು 500 ಸಾಲದು, ಕಂಪನಿಯ ಪ್ರತಿ ಇಬ್ಬರು ಡೀಲರುಗಳಿಗೆ ಒಂದರಂತೆ ಕಾರು ಬೇಕು ಎಂದರು. ಡಾಜ್‌ನ ಸೋದರ ಕಂಪನಿ ಪ್ಲಿಮತ್ ಅದರಂತೆ 1970ರಲ್ಲಿ ಸೂಪರ್‌ಬರ್ಡ್ ಎಂಬ ರೆಕ್ಕೆಯ ಕಾರನ್ನು 1,900ಕ್ಕೂ ಹೆಚ್ಚು ತಯಾರಿಸಿತು. ಪಂದ್ಯದಲ್ಲಿ ಹುಲಿ. ಅಂಗಡಿಯಲ್ಲಿ? ಕೊಳ್ಳುವವರೇ ಇಲ್ಲ! ಸಂತೆಗೆ ಹೋಗಿ ತರಕಾರಿ ತರುವ ಮನೆಯವರಿಗೆ ತಲೆಯೆತ್ತರದ ರೆಕ್ಕೆ ಯಾಕೆ? ಕೆಲವು ಡೀಲರುಗಳು ಬೇಸತ್ತು, ಮೂತಿಯನ್ನೂ ರೆಕ್ಕೆಯನ್ನೂ ಕಿತ್ತು ಸಾಮಾನ್ಯ ಕಾರಿನ ರೂಪ ಕೊಟ್ಟು ಮಾರಿದರು. ಆಗ ಯಾರಿಗೂ ಬೇಡವಾಗಿದ್ದ ಅದೇ ಕಾರುಗಳನ್ನು ಇಂದು ಸಂಗ್ರಹಕಾರರು ದೊಡ್ಡ ಬೆಲೆ ಕೊಟ್ಟು ಕೊಳ್ಳುತ್ತಾರೆ. ಅಟ್ಟದ ಮೇಲಿನ ಹಳೆಯ ಹಿತ್ತಾಳೆ ಪಾತ್ರೆಗೂ ಹೀಗೆಯೇ ಒಂದು ದಿನ ಬರುತ್ತದೆ ಎಂದು ಅಜ್ಜಿಯರು ಸುಮ್ಮನೆ ಹೇಳುವುದಿಲ್ಲ.

ಎಣಿಕೆ ಇಳಿದಾಗ

ನಿಯಮದ ಒಂದು ಅಂಕಿಯಲ್ಲಿ ಎಷ್ಟು ಭಾರವಿರುತ್ತದೆ ಎಂಬುದಕ್ಕೆ 1980ರ ದಶಕದ ರ‍್ಯಾಲಿಗಳೇ ಸಾಕ್ಷಿ. ರ‍್ಯಾಲಿ ಎಂದರೆ ಟ್ರ್ಯಾಕಿನಲ್ಲಲ್ಲ, ಊರ ದಾರಿ, ಕಾಡಿನ ದಾರಿಗಳಲ್ಲಿ ನಡೆಯುವ ಓಟ. 'ಗ್ರೂಪ್ ಬಿ' ಎಂಬ ವರ್ಗಕ್ಕೆ 200 ಕಾರು ಮಾಡಿದರೆ ಸಾಕು ಎಂದಿತ್ತು ನಿಯಮ. ಇನ್ನೂರೇ ತಾನೇ ಎಂದು ಕಂಪನಿಗಳು ಮನೆಯ ಕಾರಿಗೆ ಸಂಬಂಧವೇ ಇಲ್ಲದ ಯಂತ್ರಗಳನ್ನು ಕಟ್ಟಿದವು. ಹೆಸರು ಮಾತ್ರ ಬೀದಿಯ ಕಾರಿನದು. ದೊಡ್ಡ ರೆಕ್ಕೆ, ಹಗುರ ಮೈ, ಮಿತಿಮೀರಿದ ಶಕ್ತಿ.

1986ರ ಮಾರ್ಚ್‌ನಲ್ಲಿ ಪೋರ್ಚುಗಲ್ ರ‍್ಯಾಲಿಯಲ್ಲಿ ಕಾರೊಂದು ಜನರ ನಡುವೆ ನುಗ್ಗಿ ಪ್ರೇಕ್ಷಕರು ಸತ್ತರು. ಮೇ 2ರಂದು ಫ್ರಾನ್ಸಿನ ಕಾರ್ಸಿಕಾ ದ್ವೀಪದಲ್ಲಿ ಹೆನ್ರಿ ತೊಯ್ವೊನೆನ್ ಮತ್ತು ಅವರ ಜೊತೆಗಾರ ಸೆರ್ಜಿಯೋ ಕ್ರೆಸ್ಟೊ ಓಡಿಸುತ್ತಿದ್ದ ಲಾಂಚಿಯಾ ಡೆಲ್ಟಾ ಎಸ್4 ಕಂದಕಕ್ಕೆ ಉರುಳಿ ಹೊತ್ತಿ ಉರಿಯಿತು. ಇಬ್ಬರೂ ಉಳಿಯಲಿಲ್ಲ. ಆ ವರ್ಷದೊಂದಿಗೆ ಗ್ರೂಪ್ ಬಿ ಮುಗಿಯಿತು. ಅದರ ಬದಲು ಬಂದ ಗ್ರೂಪ್ ಎ ವರ್ಗಕ್ಕೆ 5,000 ಕಾರು ಬೇಕಿತ್ತು. ಗಾಳಿಯನ್ನು ಒತ್ತಿ ಹಿಡಿಯಲು ರೆಕ್ಕೆ ಸಾಕು. ಮನುಷ್ಯರ ಪೈಪೋಟಿಯನ್ನು ಹಿಡಿಯಲು ಅಂಕಿ ಸರಿಯಿರಬೇಕು.

1997ರಲ್ಲಿ ವಿಶ್ವ ರ‍್ಯಾಲಿಯ ನಿಯಮ ಮತ್ತೆ ಬದಲಾಯಿತು. ಸಾಮಾನ್ಯ ಕಾರನ್ನು ಆಧಾರವಾಗಿಟ್ಟುಕೊಂಡು, ರೆಕ್ಕೆ ಮುಂತಾದವನ್ನು ಪಂದ್ಯದ ಕಾರಿಗೆ ಮಾತ್ರ ಜೋಡಿಸಲು ಒಪ್ಪಿಗೆ ಸಿಕ್ಕಿತು. ರೆಕ್ಕೆಯ ಕಾರನ್ನು ಊರಿಗೆಲ್ಲ ಮಾರಬೇಕಾದ ಕಟ್ಟು ಅಲ್ಲಿಗೆ ಸಡಿಲವಾಯಿತು. ಇದರ ಫಲವನ್ನು ಚಿಕ್ಕಮಗಳೂರು ಜಿಲ್ಲೆಯವರು ಹತ್ತಿರದಿಂದಲೇ ನೋಡಿದ್ದಾರೆ. ಏಷ್ಯಾ-ಪೆಸಿಫಿಕ್ ರ‍್ಯಾಲಿ ಸರಣಿಯ ಭಾರತದ ಸುತ್ತು ಅಲ್ಲಿನ ಕಾಫಿ ತೋಟಗಳ ಮಣ್ಣು ದಾರಿಗಳಲ್ಲಿ ನಡೆದಿದೆ. 2016 ಮತ್ತು 2017ರಲ್ಲಿ ಸರಣಿಯ ಚಾಂಪಿಯನ್ ಆದವರು ನಮ್ಮ ದೇಶದ ಗೌರವ್ ಗಿಲ್. ಅವರ ಸ್ಕೋಡಾ ಫಾಬಿಯಾ ಆರ್5 ಕಾರಿನ ಬೆನ್ನಿನ ಮೇಲೆ ದೊಡ್ಡ ರೆಕ್ಕೆ ಇತ್ತು. ಅಂಗಡಿಯ ಫಾಬಿಯಾದಲ್ಲಿ ಅಂಥ ರೆಕ್ಕೆ ಹುಡುಕಿದರೆ ಸಿಗದು.

ಈಗ ತೀರ್ಪು

ಅಂತರಘಟ್ಟೆಯ ಮೊಮ್ಮಗನಿಗೆ ಮೊದಲು ಹೇಳುತ್ತೇನೆ. ಬಾಲ ಇದ್ದರೆ ಕಾರು ಜೋರಾಗಿ ಓಡುತ್ತದೆ ಎಂಬುದು ಪೂರ್ತಿ ಸರಿಯಲ್ಲ. ಹೆಚ್ಚಿನ ರೆಕ್ಕೆಗಳು ಗಾಳಿಗೆ ಅಡ್ಡ ನಿಂತು ಕಾರನ್ನು ಸ್ವಲ್ಪ ಹಿಡಿದೆಳೆಯುತ್ತವೆ. ಅವುಗಳ ಕೆಲಸ ಓಡಿಸುವುದಲ್ಲ, ಓಡುವಾಗ ನೆಲ ತಪ್ಪದಂತೆ ಕಾಯುವುದು. ನೆಲ ಹಿಡಿದ ಕಾರು ತಿರುವಿನಲ್ಲಿ ಧೈರ್ಯವಾಗಿ ಹೋಗುತ್ತದೆ, ಪಂದ್ಯ ಗೆಲ್ಲುತ್ತದೆ. ಆದರೆ ಪಂದ್ಯದ ವೇಗದಲ್ಲಿ ಮಾತ್ರ. ಊರಿನ ರಸ್ತೆಯಲ್ಲಿ 50–60ರಲ್ಲಿ ಹೋಗುವ ಕಾರಿಗೆ, ಅಂಗಡಿಯಿಂದ ತಂದು ಅಂಟಿಸಿದ ಹಲಗೆ ಹೊರೆಯೇ ಹೊರತು ನೆರವಲ್ಲ. ಅಷ್ಟರ ಮಟ್ಟಿಗೆ ಅಜ್ಜನ ಗೊಂಡೆಯ ಮಾತು ನಿಜ.

ಅಜ್ಜನಿಗೂ ಒಂದು ಮಾತಿದೆ. ಎಲ್ಲ ಬಾಲವೂ ಶೋಕಿಯಲ್ಲ. ಜರ್ಮನಿಯ ಆಡಿ ಕಂಪನಿ 1998ರಲ್ಲಿ ಟಿಟಿ ಎಂಬ ಗುಂಡು ಬೆನ್ನಿನ ಚೆಂದದ ಕಾರನ್ನು ಮಾರಾಟಕ್ಕೆ ತಂದಿತು. ಬೆನ್ನಿನ ನಯ ಕೆಡಬಾರದೆಂದು ಅದಕ್ಕೆ ಸ್ಪಾಯ್ಲರ್ ಇರಲಿಲ್ಲ. ವೇಗಕ್ಕೆ ಮಿತಿಯಿಲ್ಲದ ಅಲ್ಲಿನ ಹೆದ್ದಾರಿಗಳಲ್ಲಿ, ಅತಿವೇಗದಲ್ಲಿ ಕೆಲವು ಕಾರುಗಳು ಹಿಡಿತ ತಪ್ಪಿದವು, ಜನ ಸತ್ತರು. ಕಂಪನಿ ಮಾರಿದ ಕಾರುಗಳನ್ನು ವಾಪಸು ಕರೆಸಿ ಬದಲಾವಣೆಗಳನ್ನು ಮಾಡಿಕೊಟ್ಟಿತು. ಅದರಲ್ಲೊಂದು, ಹಿಂಬದಿಯ ಅಂಚಿಗೆ ಕೂರಿಸಿದ ಪುಟ್ಟ ಸ್ಪಾಯ್ಲರ್. ನೋಡಿದರೆ ಒಂದು ಪಟ್ಟಿ, ಅಷ್ಟೇ.

ಆದ್ದರಿಂದ ತೀರ್ಪು ಹೀಗೆ: ಬಾಲ ಶೋಕಿಯೋ ಅಲ್ಲವೋ ಎಂಬುದನ್ನು ಬಾಲ ಹೇಳುವುದಿಲ್ಲ. ಅದು ಎಲ್ಲಿ ನಿಂತಿದೆ, ಎಷ್ಟು ವೇಗದಲ್ಲಿ ಓಡುತ್ತದೆ, ಅದನ್ನು ಗಾಳಿಗೆ ಒಡ್ಡಿ ಪರೀಕ್ಷಿಸಿದವರು ಯಾರಾದರೂ ಇದ್ದಾರೆಯೇ ಎಂಬುದು ಹೇಳುತ್ತದೆ. ಬಾತುಕೋಳಿ ಬಾಲದ ಹಿಂದೆ ಎಂಜಿನಿಯರುಗಳ ಪರೀಕ್ಷೆ ಇತ್ತು, ಪಂದ್ಯದ ನಿಯಮವಿತ್ತು, ಕೊಂಡವನ ಪ್ರಾಣದ ಹೊಣೆಯಿತ್ತು. ಅಂಟಿಸಿದ ಹಲಗೆಯ ಹಿಂದೆ ಇರುವುದು ಗೋಂದು ಮಾತ್ರ.

ಮನೆಯಲ್ಲಿ ಮಾಡಿ ನೋಡಿ

ವಿಮಾನ, ಕಾರುಗಳ ಮೇಲೆ ಗಾಳಿ ಹೇಗೆ ಹರಿಯುತ್ತದೆ ಎಂದು ನೋಡಲು 'ಗಾಳಿ ಸುರಂಗ'ಗಳಿರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ, ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲೂ ಅಂಥವು ಇವೆ. ಅಲ್ಲಿ ವಸ್ತುವಿನ ಮೈಮೇಲೆ ನೂಲಿನ ಎಳೆಗಳನ್ನು ಅಂಟಿಸಿ ಗಾಳಿ ಬಿಡುವುದು ಒಂದು ಹಳೆಯ, ಸರಳ ವಿಧಾನ. ನಾವೂ ಮಾಡಬಹುದು.

ಒಂದು ದೊಡ್ಡ ಆಟಿಕೆ ಕಾರು ತೆಗೆದುಕೊಳ್ಳಿ. ಅಜ್ಜಿಯ ಹೊಲಿಗೆ ಡಬ್ಬಿಯಿಂದ ನೂಲು ಕೇಳಿ, ಬೆರಳ ಗೆಣ್ಣಿನಷ್ಟು ಉದ್ದದ ತುಂಡುಗಳಾಗಿ ಕತ್ತರಿಸಿ. ಮೂತಿ, ಚಾವಣಿ, ಇಳಿಜಾರು ಬೆನ್ನು, ಹಿಂದಿನ ಅಂಚು ಹೀಗೆ ಎಲ್ಲ ಕಡೆ ಒಂದೊಂದು ಎಳೆಯ ಒಂದು ತುದಿಯನ್ನಷ್ಟೇ ಟೇಪಿನಿಂದ ಅಂಟಿಸಿ. ಕಾರಿನ ಮೂತಿ ಟೇಬಲ್ ಫ್ಯಾನಿನ ಕಡೆ ಇರಲಿ. ಫ್ಯಾನಿಗೆ ಕೈ ಹಾಕುವುದು ದೊಡ್ಡವರ ಕೆಲಸ.

ಫ್ಯಾನು ತಿರುಗಿದಾಗ ಎಳೆಗಳನ್ನು ಗಮನಿಸಿ. ಕೆಲವು ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ನೆಟ್ಟಗೆ ಮಲಗುತ್ತವೆ. ಅಲ್ಲಿ ಗಾಳಿ ಮೈಗೆ ಅಂಟಿ ಹರಿಯುತ್ತಿದೆ. ಕೆಲವು ಅತ್ತಿತ್ತ ಒದ್ದಾಡುತ್ತವೆ, ಅಥವಾ ಮುಂದಕ್ಕೇ ತಿರುಗುತ್ತವೆ. ಅಲ್ಲಿ ಗಾಳಿ ಮೈಬಿಟ್ಟು ಸುಳಿಯಾಗಿದೆ. ಈಗ ರಟ್ಟಿನಿಂದ ಒಂದು ಪುಟ್ಟ ಬಾತುಕೋಳಿ ಬಾಲ ಮಾಡಿ ಹಿಂದೆ ಅಂಟಿಸಿ, ಮತ್ತೆ ನೋಡಿ. ಬಾಲವನ್ನು ತುಸು ಎತ್ತರಿಸಿ, ತಗ್ಗಿಸಿ, ಓರೆ ಬದಲಿಸಿ. ಯಾವ ಎಳೆ ಮಲಗಿತು, ಯಾವುದು ಎದ್ದಿತು ಎಂದು ಪ್ರತಿ ಸಲವೂ ಒಂದು ಹಾಳೆಯಲ್ಲಿ ಚಿತ್ರ ಬರೆದಿಡಿ.

ಆ ಚಿತ್ರಗಳನ್ನು ನನಗೆ ಕಳಿಸಿ. ಕಾರಿನ ಬಣ್ಣ ಹಾಕದಿದ್ದರೂ ನಡೆದೀತು, ಎಳೆಗಳ ದಿಕ್ಕನ್ನು ಮಾತ್ರ ಮರೆಯಬೇಡಿ.